ಕುದಿಸಿ ಆರಿಸಿದ ನೀರು

ಮಕ್ಕಳೇ, ಕಳೆದ ರಜೆಯಲ್ಲಿ ನಿಮ್ಮ ವಿಜ್ಞಾನ ಪುಸ್ತಕದ ಒಂದು ಚಿತ್ರದ ಮೇಲೆ ಬೆರಳಿಟ್ಟು, "ಅಜ್ಜೀ, ಇದನ್ನು ನಿಮ್ಮ ಕಾಲೇಜಿನಲ್ಲಿ ಮಾಡ್ತಾರಾ?" ಎಂದು ಕೇಳಿದಿರಿ. ಗಾಜಿನ ಬೀಕರಿನಲ್ಲಿ ನೀರು, ಅದರೊಳಗೆ ಹಸಿರು ಗಿಡದ ತುಂಡುಗಳು, ಅವುಗಳ ಮೇಲೆ ಕವುಚಿ ಹಾಕಿದ ಆಲಿಕೆ, ಆಲಿಕೆಯ ಬಾಲಕ್ಕೆ ಕವುಚಿದ ಪ್ರನಾಳ. ನಾನು "ಹೂಂ" ಎಂದು, ಒಲೆಯ ಮೇಲೆ ಎಂತದೋ ಉಂಟು ಎಂದು ಎದ್ದು ಹೋದೆ. ಒಲೆಯ ಮೇಲೆ ಏನೂ ಇರಲಿಲ್ಲ. ನಾಲ್ಕು ಮಾತು ಸೇರಿಸಿ ಹೇಳುವುದು ನನಗೆ ಮೊದಲಿನಿಂದಲೂ ಕಷ್ಟ. ಬರೆದರೆ ಆದೀತು ಎಂದು ಈಗ ನೋಟುಪುಸ್ತಕ ಹಿಡಿದು ಕೂತಿದ್ದೇನೆ.

ಇದು ಮೂರು ವರ್ಷದ ಹಿಂದಿನ ಮೇ ತಿಂಗಳಲ್ಲಿ ಒಂದು ವಾರ ನಡೆದ ಸಂಗತಿ. ನಾನು ಬೆಳ್ತಂಗಡಿ ತಾಲೂಕಿನ ಕಾಲೇಜೊಂದರ ಸಸ್ಯಶಾಸ್ತ್ರದ ಲ್ಯಾಬಿನಲ್ಲಿ ಸಹಾಯಕಿ ಎಂದು ನಿಮಗೆ ಗೊತ್ತುಂಟು. ಕಾಯಂ ಕೆಲಸ ಅಲ್ಲ. ಪ್ರತಿ ಜೂನಿನಲ್ಲಿ ಆಫೀಸಿನವರು "ಈ ವರ್ಷವೂ ಬನ್ನಿ" ಎಂದರೆ ಉಂಟು, ಹೇಳದಿದ್ದರೆ ಇಲ್ಲ. ಹಿಂದಿನ ವರ್ಷದ ಪ್ರಾಯೋಗಿಕ ಪರೀಕ್ಷೆಯ ದಿನ, ನಾನು ತುಂಬಿಸಿಟ್ಟ ಬೀಕರಿನಲ್ಲಿ ಸೊಳ್ಳೆಯ ಮರಿಗಳು ಕುಣಿಯುತ್ತಿದ್ದವು. ಒಬ್ಬಳು ಹುಡುಗಿ ಕಿರುಚಿ ಬೀಕರ್ ಬೀಳಿಸಿದಳು. ಹೊರಗಿನಿಂದ ಬಂದ ಪರೀಕ್ಷಕರು ಮುಖ ಸಿಂಡರಿಸಿ, "ಇದೆಂತ ಲ್ಯಾಬಾ, ಚರಂಡಿಯಾ?" ಎಂದು ಕೇಳಿದರು. ಸಂಜೆ ಪ್ರಿನ್ಸಿಪಾಲರು ನನ್ನನ್ನು ಕರೆಸಿದರು. ಅವರು ಜೋರು ಮಾಡಲಿಲ್ಲ. "ಇನ್ನೊಂದು ಸಲ ಹೀಗಾದರೆ ಬೇರೆಯವರನ್ನು ನೋಡಬೇಕಾಗ್ತದೆ ಅಮ್ಮ" ಎಂದು ಮೆಲ್ಲ ಹೇಳಿದರು. ಬೈದಿದ್ದರೆ ಅಷ್ಟು ಹೆದರುತ್ತಿರಲಿಲ್ಲವೋ ಏನೋ.

ನಿಮ್ಮ ಅಜ್ಜ ಹೋಗಿ ಆಗ ಎರಡು ವರ್ಷ. ನನ್ನನ್ನು ಬೇಡ ಎನ್ನುವವರು ನಿಮ್ಮ ಮನೆಯಲ್ಲಿ ಯಾರೂ ಇಲ್ಲ, ಅದು ನನಗೆ ಗೊತ್ತುಂಟು. ಆದರೂ ಬೆಳಿಗ್ಗೆ ಎದ್ದು ತಲೆ ಬಾಚಿ, ಬೀಗ ಹಾಕಿ, ಮಡಂತ್ಯಾರಿನಲ್ಲಿ ಬಸ್ಸು ಹಿಡಿದು ಹೋಗಲು ನನಗೊಂದು ಜಾಗ ಇತ್ತು. ಅದು ಇಲ್ಲವಾದರೆ ದಿನವಿಡೀ ನಾನೊಬ್ಬಳೇ ಇರುವ ಮನೆಯ ಗೋಡೆಗಳನ್ನು ನೋಡುತ್ತ ಕೂರಬೇಕಲ್ಲ ಎಂಬ ಹೆದರಿಕೆ ನನಗೆ.

ಆ ವರ್ಷದ ಪರೀಕ್ಷೆ ಮಂಗಳವಾರ. ಹಿಂದಿನ ಗುರುವಾರ ನಮ್ಮ ಮೇಡಂ, ಎಂದರೆ ಸಸ್ಯಶಾಸ್ತ್ರ ಕಲಿಸುವವರು, ತಯಾರಿಯ ಪಟ್ಟಿ ಕೊಟ್ಟರು. ಕುಂಡದ ಗಿಡವೊಂದನ್ನು ಎರಡು ದಿನ ಕತ್ತಲೆಯ ಕಪಾಟಿನಲ್ಲಿ ಇಡಬೇಕು. ಎಲೆಯೊಳಗೆ ಕೂಡಿಟ್ಟ ಪಿಷ್ಟವನ್ನೆಲ್ಲ ಗಿಡವೇ ಖರ್ಚು ಮಾಡಿ ಮುಗಿಸಬೇಕು, ಆಮೇಲೆ ಬಿಸಿಲಿಗಿಟ್ಟರೆ ಹೊಸ ಪಿಷ್ಟ ಆಗುವುದನ್ನು ತೋರಿಸಲು ಬರುತ್ತದೆ. ಉಸಿರಾಟದ ಪ್ರಯೋಗಕ್ಕೆ ಹುರುಳಿ ನೆನೆಹಾಕಿ ಮೊಳಕೆ ಬರಿಸಬೇಕು. ಅಡಿಭಾಗ ನೇರಳೆ ಇರುವ ಎಲೆ ಬೇಕು, ಸಿಪ್ಪೆ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಲು. ಕೊನೆಗೆ ಹೈಡ್ರಿಲ್ಲಾ. ಅದು ನೀರಿನ ಅಡಿಯಲ್ಲೇ ಬೆಳೆಯುವ ಹುಲ್ಲಿನಂಥ ಗಿಡ. ನಿಮ್ಮ ಚಿತ್ರದಲ್ಲಿ ಇರುವುದು ಅದೇ. ಬಿಸಿಲು ಬಿದ್ದರೆ ಅದರ ತುಂಡಾದ ದಂಟಿನಿಂದ ಆಮ್ಲಜನಕದ ಗುಳ್ಳೆಗಳು ಸಾಲಾಗಿ ಏಳುತ್ತವೆ, ಪ್ರನಾಳದಲ್ಲಿ ತುಂಬುತ್ತವೆ.

ನಾವು ಯಾವಾಗಲೂ ಹೈಡ್ರಿಲ್ಲಾ ತರುವುದು ಕಾಲೇಜಿನ ಹಿಂದಿನ ಕೆರೆಯಿಂದ. ಶುಕ್ರವಾರ ಹೋಗಿ ನೋಡಿದರೆ ನೀರೇ ಕಾಣುವುದಿಲ್ಲ. ಈ ದಡದಿಂದ ಆ ದಡಕ್ಕೆ ನೀರಿನ ಮೇಲೆ ತೇಲುವ ಅಂತರಗಂಗೆ ಗಿಡ ತುಂಬಿ, ಹಸಿರು ಗದ್ದೆಯ ಹಾಗೆ ಆಗಿತ್ತು. ಅದನ್ನು ಸರಿಸಿ ಕೈ ಹಾಕಿದೆ. ಬಂದದ್ದು ಕಪ್ಪು ಕೆಸರು, ಕೊಳೆತ ದಂಟು, ಕೆಟ್ಟ ವಾಸನೆ.

ಮೇಡಂ ಬಂದು ನೋಡಿ, "ಮೇಲೆ ಮನೆಯ ಮಾಡು ಹಾಕಿದ ಹಾಗೆ ಆಗಿದೆ ಅಕ್ಕ. ಬೆಳಕು ಕೆಳಗೆ ಹೋಗುದೇ ಇಲ್ಲ. ಬೆಳಕಿಲ್ಲದೆ ಅಡಿಯಲ್ಲಿರುವ ಗಿಡ ಅಡುಗೆ ಮಾಡುದು ಹೇಗೆ? ಉಪವಾಸ ಬಿದ್ದು ಸತ್ತಿದೆ" ಎಂದರು.

"ಈಗ ಎಂತ ಮಾಡುವ ಮೇಡಂ?"

"ಬೇರೆ ಕಡೆ ಹುಡುಕುವ. ನಿಮಗೆ ಎಲ್ಲಾದರೂ ಗೊತ್ತುಂಟಾ?"

ನನಗೆ ಗೊತ್ತಿರಲಿಲ್ಲ. ಗೊತ್ತುಂಟು ಎಂದೆ. ಇಲ್ಲ ಎಂದರೆ ಇದಕ್ಕೂ ಈಕೆ ಆಗುವುದಿಲ್ಲ ಎಂದುಕೊಂಡಾರು ಎಂಬ ಹೆದರಿಕೆ.

ಶನಿವಾರ ಪಾಣೆಮಂಗಳೂರಿಗೆ ಹೋದೆ. ಹೊಳೆಯ ಬದಿಯ ಗುಂಡಿಗಳಲ್ಲಿ ಇದ್ದೀತು ಎಂದುಕೊಂಡಿದ್ದೆ. ಮೇ ತಿಂಗಳ ಬಿಸಿಲಿಗೆ ಗುಂಡಿಗಳೆಲ್ಲ ಬತ್ತಿ ಬಿರುಕು ಬಿಟ್ಟಿದ್ದವು. ಭಾನುವಾರ ಮೂಡುಬಿದಿರೆಗೆ ಹೋದೆ. ಅಲ್ಲಿ ಹಳೆಯ ಕೆರೆಗಳು ತುಂಬ ಇವೆ ಎಂದು ಮಾತ್ರ ಕೇಳಿದ್ದೆ. ಮುಚ್ಚಳ ಇರುವ ಎರಡು ಬಕೆಟ್ ಹಿಡಿದು, ದಾರಿ ಕೇಳಲು ನಾಚಿಕೆಯಾಗಿ, ಸುಮ್ಮನೆ ನಡೆದು ನಡೆದು ಮೂರನೆಯ ಕೆರೆಯಲ್ಲಿ ಅದನ್ನು ಕಂಡೆ. ತಿಳಿನೀರು, ಅಡಿಯಲ್ಲಿ ಕಡು ಹಸಿರು ಬಾಲಗಳು ಓಲಾಡುತ್ತಿದ್ದವು.

ಆದರೆ ಮೆಟ್ಟಿಲುಗಳಿಗೆ ಪಾಚಿ ಕಟ್ಟಿತ್ತು. ನನಗೆ ಈಜು ಬರುವುದಿಲ್ಲ. ಒಂದು ಮೆಟ್ಟಿಲು ಇಳಿದೆ, ಎರಡು ಇಳಿದೆ. ಮೂರನೆಯದರಲ್ಲಿ ಕಾಲು ಜಾರಿ ಕೂತುಬಿಟ್ಟೆ. ನೀರು ಮೊಣಕಾಲಿಗೆ ಬಂತು. ಏಳಲು ಧೈರ್ಯ ಇಲ್ಲ, ಇಳಿಯಲು ಧೈರ್ಯ ಇಲ್ಲ.

ಆಚೆ ಬದಿಯಲ್ಲಿ ಗಾಳ ಹಾಕಿ ಕೂತಿದ್ದ ಒಬ್ಬರು ಮುದುಕರು, ತಲೆಗೆ ಬಿಳಿ ಟೊಪ್ಪಿ ಇಟ್ಟವರು, ಕೂಗಿದರು: "ಅಲ್ಲೇ ಕೂತುಕೊಳ್ಳಿ ಮಾರಾಯ್ತಿ! ಅಲ್ಲಾಡಬೇಡಿ! ಎಂತ ಬಿದ್ದದ್ದು ನೀರಿಗೆ, ಕುತ್ತಿಗೆಯ ಚೈನಾ?"

"ಏನೂ ಬಿದ್ದಿಲ್ಲ ಕಾಕಾ. ಆ ಹುಲ್ಲು ಬೇಕಿತ್ತು."

"ಹುಲ್ಲಾ? ಅದಕ್ಕೆ ಜೀವ ಕೊಡ್ತೀರಾ? ನನ್ನ ಗಾಳಕ್ಕೆ ಬೆಳಿಗ್ಗೆಯಿಂದ ಅದೇ ಸಿಕ್ಕಿದ್ದು, ಒಂದು ಮೀನು ಇಲ್ಲ. ಎಷ್ಟು ಬೇಕು ನಿಮಗೆ?"

ಅವರು ಈಚೆ ಬದಿಗೆ ಬಂದು, ಗಾಳ ಎಸೆದೆಸೆದು ಎಳೆದು ಕೊಟ್ಟರು. ನಾನು ಮೆಟ್ಟಿಲಲ್ಲಿ ಕೂತೇ ಎರಡೂ ಬಕೆಟ್ಟಿಗೆ ಅದೇ ಕೆರೆಯ ನೀರು ತುಂಬಿ, ಗಿಡ ಮುಳುಗಿಸಿ ಮುಚ್ಚಿದೆ. ವಾಪಸು ಬರುವಾಗ ಬಸ್ಸಿನಲ್ಲಿ ಕಂಡಕ್ಟರ್ ಮುಚ್ಚಳ ಎತ್ತಿ ನೋಡಿ, "ಮೀನಾದರೆ ಹಿಂದೆ ಇಡಿ ಅಂತ ಹೇಳ್ತಿದ್ದೆ. ಇದನ್ನು ಎಲ್ಲಿ ಇಡಿ ಅಂತ ಹೇಳುದು ಅಂತಲೇ ಗೊತ್ತಾಗುದಿಲ್ಲ" ಎಂದ. ಬಸ್ಸಿನವರೆಲ್ಲ ನಕ್ಕರು. ನಾನು ಸೆರಗಿನಿಂದ ಬಕೆಟ್ ಮುಚ್ಚಿ, ಇಳಿಯುವವರೆಗೂ ತಲೆ ಎತ್ತಲಿಲ್ಲ.

ಸೋಮವಾರ ಬೆಳಿಗ್ಗೆ ಮೇಡಂ ಒಂದು ಸಲ ಮಾಡಿ ನೋಡಿದರು. ಹೈಡ್ರಿಲ್ಲಾದ ತುದಿಗಳನ್ನು ನೀರಿನೊಳಗೇ ಓರೆಯಾಗಿ ಕತ್ತರಿಸಬೇಕು, ದಂಟಿಗೆ ಗಾಳಿ ಸೇರಬಾರದು. ನೂಲು ಕಟ್ಟಿ, ಕತ್ತರಿಸಿದ ತುದಿ ಮೇಲೆ ಬರುವ ಹಾಗೆ ಆಲಿಕೆಯ ಒಳಗೆ ಇಡಬೇಕು. ಆಲಿಕೆಯ ಬಾಲ ಪೂರ್ತಿ ಮುಳುಗಿರಬೇಕು. ಪ್ರನಾಳಕ್ಕೆ ಅಂಚಿನವರೆಗೆ ನೀರು ತುಂಬಿ, ಹೆಬ್ಬೆರಳಿನಲ್ಲಿ ಬಾಯಿ ಮುಚ್ಚಿ, ನೀರಿನೊಳಗೆ ಕವುಚಿ, ಬಾಲದ ಮೇಲೆ ಕೂರಿಸಬೇಕು. ಕೆರೆಯ ನೀರಿನಲ್ಲೇ ಮಾಡಿದ್ದೆವು. ಬಿಸಿಲಿಗಿಟ್ಟ ಐದು ನಿಮಿಷದಲ್ಲಿ ಗುಳ್ಳೆಗಳು ಒಂದರ ಹಿಂದೆ ಒಂದು ಏಳತೊಡಗಿದವು. "ಭಾರಿ ಒಳ್ಳೆಯ ಗಿಡ ತಂದಿದ್ದೀರಿ ಅಕ್ಕ" ಎಂದರು ಮೇಡಂ.

ಅಲ್ಲಿಗೆ ನಾನು ಸುಮ್ಮನಿರಬೇಕಿತ್ತು.

ಮಧ್ಯಾಹ್ನ ಬೀಕರ್ ತೊಳೆಯುವಾಗ ಬೆಳಕಿಗೆ ಹಿಡಿದು ನೋಡಿದೆ. ಕೆರೆಯ ನೀರಿನಲ್ಲಿ ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಎಂತವೋ ಓಡಾಡುತ್ತಿದ್ದವು. ಹಿಂದಿನ ವರ್ಷದ್ದು ಕಣ್ಣೆದುರು ಬಂದು ಕೈ ತಣ್ಣಗಾಯಿತು. ಆ ತಿಂಗಳು ಊರಿನಲ್ಲಿ ಕಾಮಾಲೆ ಬೇರೆ ಇತ್ತು. ನೀರನ್ನು ಕುದಿಸಿಯೇ ಬಳಸಬೇಕೆಂದು ಕಾಲೇಜಿನಲ್ಲಿ ನೋಟಿಸು ಹಾಕಿದ್ದರು. ನಾನು ಹುಟ್ಟಿದ ಮನೆಯಲ್ಲೂ ಮದುವೆಯಾಗಿ ಹೋದ ಮನೆಯಲ್ಲೂ ಒಳ್ಳೆಯ ನೀರು ಎಂದರೆ ಕುದಿಸಿ ಆರಿಸಿದ ನೀರು. ಬಾಣಂತಿಗೂ ಅದೇ, ಮಗುವಿಗೂ ಅದೇ, ಜ್ವರದವರಿಗೂ ಅದೇ. ಅದಕ್ಕಿಂತ ಶುದ್ಧ ಬೇರೆ ಉಂಟೇ?

ಬಾವಿಯ ನೀರು ಎರಡು ಕೊಡ ಸೇದಿ ಕ್ಯಾಂಟೀನಿಗೆ ಹೊತ್ತುಕೊಂಡು ಹೋದೆ. ಅಲ್ಲಿನ ಅಡುಗೆ ಭಟ್ಟರು ದೊಡ್ಡ ಪಾತ್ರೆ ಇಳಿಸಿ ಕೊಟ್ಟರು. "ಯಾರಿಗೆ ಇಷ್ಟು ನೀರು?"

"ಲ್ಯಾಬಿನ ಗಿಡಕ್ಕೆ."

"ಗಿಡಕ್ಕೆ ಕುದಿಸಿದ ನೀರಾ? ಒಳ್ಳೆಯದಾಯ್ತು. ಚಾಪುಡಿ ಹಾಕ್ತೀರಾ, ನಾನು ಹಾಕುದಾ?"

ನಾನು ಪಾತ್ರೆಯನ್ನು ಒಲೆಗೆ ಏರಿಸಿದೆ. ನೀರು ಕುದಿಯುವುದಕ್ಕೆ ಮೊದಲೇ ಪಾತ್ರೆಯ ತಳದಿಂದ ಸಣ್ಣ ಸಣ್ಣ ಗುಳ್ಳೆಗಳು ಎದ್ದು ಮೇಲೆ ಬಂದು ಒಡೆದವು. ಅದನ್ನು ನೋಡಿದ್ದು ನನಗೆ ಸರಿಯಾಗಿ ನೆನಪುಂಟು. ಚೆನ್ನಾಗಿ ಕುದಿಸಿದೆ. ಹುಳ ಬೀಳಬಾರದೆಂದು ಬಿಗಿಯಾಗಿ ಮುಚ್ಚಿಟ್ಟೆ. ಮಂಗಳವಾರ ಬೇಗ ಬಂದು, ಬೀಕರುಗಳಿಗೆಲ್ಲ ಆ ನೀರನ್ನೇ ತುಂಬಿದೆ. ಎಂಥ ತಿಳಿ! ಬೀಕರ್ ಖಾಲಿ ಉಂಟೋ ಎನ್ನುವ ಹಾಗೆ. ಉಳಿದ ಹೈಡ್ರಿಲ್ಲಾವನ್ನು ಕೆರೆಯ ನೀರಿನ ಬಕೆಟ್ಟಿನಲ್ಲೇ ಜಗಲಿಯಲ್ಲಿ ಬಿಟ್ಟೆ. ಮೇಡಂಗೆ ನೀರಿನ ವಿಷಯ ಹೇಳಲಿಲ್ಲ. ಹೇಳುವಂಥದ್ದು ಎಂದು ತೋರಲೂ ಇಲ್ಲ.

ಹೊರಗಿನ ಪರೀಕ್ಷಕರು ಬಂದರು. ಹಿಂದಿನ ವರ್ಷ ಬಂದವರೇ. ಯಾರಿಗೆ ಯಾವ ಪ್ರಯೋಗ ಎಂದು ಮಕ್ಕಳು ಚೀಟಿ ಎತ್ತಿದರು. ಬೆಳಿಗ್ಗೆಯ ತಂಡದಲ್ಲಿ ಹೈಡ್ರಿಲ್ಲಾ ಬಂದದ್ದು ವಿಟ್ಲದ ಕಡೆಯ ಒಬ್ಬಳು ಹುಡುಗಿಗೆ. ನನ್ನ ಹಾಗೆಯೇ ಮಾತು ಕಮ್ಮಿ. ನಾನು ಹುಟ್ಟಿದ ಊರಿನ ಕಡೆಯವಳೆಂದು ನನಗೆ ಅವಳ ಮೇಲೆ ಸ್ವಲ್ಪ ಹೆಚ್ಚು ಪ್ರೀತಿ. ಅವಳು ಎಲ್ಲವನ್ನೂ ಸರಿಯಾಗಿಯೇ ಮಾಡಿದಳು. ನಾನು ತಟ್ಟೆ ಹಿಡಿದು ಬಾಗಿಲ ಬಳಿ ನಿಂತು ನೋಡುತ್ತಿದ್ದೆ. ಬೀಕರನ್ನು ಕಿಟಕಿಯ ಬಿಸಿಲಿಗಿಟ್ಟು ಕಾದಳು.

ಗುಳ್ಳೆ ಬರಲಿಲ್ಲ.

ಹತ್ತು ನಿಮಿಷ ಆಯಿತು, ಕಾಲು ಗಂಟೆ ಆಯಿತು. ಮೋಡ ಉಂಟೆಂದು ಮೇಡಂ ದೊಡ್ಡ ಬಲ್ಬು ತಂದು ಹತ್ತಿರ ಇಟ್ಟರು. ಬರಲಿಲ್ಲ. ದಂಟಿನ ತುದಿಯನ್ನು ಹೊಸದಾಗಿ ಕತ್ತರಿಸಲು ಹುಡುಗಿಗೆ ಹೇಳಿದರು. ಬರಲಿಲ್ಲ. ನೀರು ಹೆಚ್ಚು ತಂಪಾಗಿದೆಯೇ ಎಂದು ಬೆರಳಿಟ್ಟು ನೋಡಿದರು. ತರಗತಿಯಲ್ಲಿ ಅವರು ಹೇಳುವುದನ್ನು ಬಾಗಿಲ ಹೊರಗೆ ಕೂತು ನಾನೂ ಎಷ್ಟೋ ಸಲ ಕೇಳಿದ್ದೆ: ಬೆಳಕು, ನೀರು, ಬಿಸಿ, ಇಂಗಾಲದ ಡೈಆಕ್ಸೈಡ್, ಇವುಗಳಲ್ಲಿ ಯಾವುದು ಕಮ್ಮಿಯೋ ಅದರಿಂದಲೇ ಗಿಡದ ಕೆಲಸ ನಿಲ್ಲುತ್ತದೆ, ಉಳಿದದ್ದನ್ನು ಎಷ್ಟು ಕೊಟ್ಟರೂ ಪ್ರಯೋಜನ ಇಲ್ಲ.

ಮೇಡಂ ನನ್ನ ಹತ್ತಿರ ಬಂದು ಮೆಲ್ಲ ಕೇಳಿದರು: "ನೀರು ಸರಿ ಉಂಟಲ್ಲ ಅಕ್ಕ?"

"ಶುದ್ಧ ಉಂಟು ಮೇಡಂ."

ಅದು ಸುಳ್ಳಲ್ಲ.

ಪರೀಕ್ಷಕರು ಬೀಕರನ್ನು ಬಗ್ಗಿ ನೋಡಿದರು. "ನಿನ್ನೆ ಗುಳ್ಳೆ ಬಂದಿತ್ತು ಅಂತೀರಿ. ಹಾಗಾದರೆ ಗಿಡ ಸರಿಯೇ ಇದೆ. ಇವಳೇ ಕತ್ತರಿಸುವಾಗ ದಂಟಿಗೆ ಗಾಳಿ ಸೇರಿಸಿದ್ದಾಳೆ" ಎಂದು ಹುಡುಗಿಯ ಕಡೆ ತಿರುಗಿದರು. "ಏನಮ್ಮ, ನೀರಿನೊಳಗೆ ಕತ್ತರಿಸಿದೆಯಾ?"

"ಹೌದು ಸರ್."

"ನಾನು ನೋಡಲಿಲ್ಲವಲ್ಲ."

ಅವರು ಎಂತದೋ ಬರೆದುಕೊಂಡು ಮುಂದಿನ ಮೇಜಿಗೆ ಹೋದರು. ಹುಡುಗಿಯ ಕಣ್ಣಿನಿಂದ ಎರಡು ಹನಿ ರೆಕಾರ್ಡ್ ಪುಸ್ತಕದ ಮೇಲೆ ಬಿದ್ದವು. ಅವಳು ನೀರಿನೊಳಗೆ ಕತ್ತರಿಸಿದ್ದನ್ನು ನಾನು ಕಣ್ಣಾರೆ ನೋಡಿದ್ದೆ.

ನನಗೆ ಅಲ್ಲಿ ನಿಲ್ಲಲು ಆಗಲಿಲ್ಲ. ಜಗಲಿಗೆ ಬಂದೆ. ಬಕೆಟ್ಟಿನ ಮೇಲೆ ಮೋಡದ ಎಡೆಯಿಂದ ಒಂದು ತುಂಡು ಬಿಸಿಲು ಬಿದ್ದಿತ್ತು. ಬಗ್ಗಿ ನೋಡಿದರೆ, ಅಲ್ಲಿ ಬಿಟ್ಟ ಹೈಡ್ರಿಲ್ಲಾದಿಂದ ಗುಳ್ಳೆಗಳು ಏಳುತ್ತಿವೆ. ಅದೇ ಗಿಡ, ಅದೇ ಬಿಸಿಲು. ಬೇರೆ ಇರುವುದು ನೀರು ಮಾತ್ರ.

ಆಗ ನೆನಪಾಯಿತು. ನಿಮ್ಮ ಅಪ್ಪ ಏಳು ವರ್ಷದವನಿರುವಾಗ ತೋಡಿನಿಂದ ಒಂದು ಸಣ್ಣ ಮೀನು ಹಿಡಿದು ತಂದಿದ್ದ. ತೋಡಿನ ನೀರು ಗಲೀಜು ಎಂದು ನಾನೇ ಹೇಳಿದ್ದೆನಲ್ಲ, ಅದಕ್ಕೆ ಕುಡಿಯಲು ಕುದಿಸಿ ಆರಿಸಿ ಮುಚ್ಚಿಟ್ಟ ನೀರನ್ನು ಬಾಟಲಿಗೆ ಹಾಕಿ ಮೀನು ಬಿಟ್ಟ. ಮೀನು ಬಾಯಿ ತೆರೆದು ತೆರೆದು ಮೇಲೆ ಬಂತು, ಸ್ವಲ್ಪ ಹೊತ್ತಿನಲ್ಲಿ ಮಗುಚಿ ಬಿತ್ತು. ಆ ನೀರಿನಲ್ಲಿ ಉಸಿರು ಇರಲಿಲ್ಲ. ಪಾತ್ರೆಯ ತಳದಿಂದ ಎದ್ದು ಒಡೆದ ಗುಳ್ಳೆಗಳು ಅದೇ, ನೀರಿನಲ್ಲಿ ಕರಗಿದ್ದ ಗಾಳಿ. ಮೀನಿಗೆ ಬೇಕಾದದ್ದೂ ಗಿಡಕ್ಕೆ ಬೇಕಾದದ್ದೂ ನಾನು ಕುದಿಸಿ ಓಡಿಸಿದ್ದೆ, ತಿರುಗಿ ಒಳಗೆ ಸೇರದ ಹಾಗೆ ಮುಚ್ಚಳವನ್ನೂ ಹಾಕಿದ್ದೆ.

ನಿಮಗೆ ನಿಜ ಹೇಳಬೇಕು. ನನಗೆ ಮೊದಲು ಬಂದ ಯೋಚನೆ ಒಳ್ಳೆಯದಲ್ಲ. ಊಟದ ಹೊತ್ತಿನಲ್ಲಿ ಯಾರೂ ಇರುವುದಿಲ್ಲ, ಬೀಕರುಗಳ ನೀರು ಚೆಲ್ಲಿ ಕೆರೆಯ ನೀರು ಹಾಕಿದರೆ ಆಯಿತು. ಮಧ್ಯಾಹ್ನದ ತಂಡಕ್ಕೆ ಗುಳ್ಳೆ ಬರುತ್ತದೆ. ಯಾರಿಗೂ ಗೊತ್ತಾಗುವುದಿಲ್ಲ. ಜೂನಿನಲ್ಲಿ ನನಗೆ ಕೆಲಸ ಇರುತ್ತದೆ. ಆದರೆ ಮಧ್ಯಾಹ್ನ ಬೇರೆ ಮಕ್ಕಳಿಗೆ ಗುಳ್ಳೆ ಬಂದರೆ ಬೆಳಿಗ್ಗೆಯ ತಪ್ಪು ಆ ಹುಡುಗಿಯದೇ ಎಂದು ಗಟ್ಟಿಯಾಗುತ್ತದೆ. ನಾನೇ ಅವಳ ಕುತ್ತಿಗೆಗೆ ಕಟ್ಟಿದ ಹಾಗೆ. ಜಗಲಿಯ ಕಂಬ ಹಿಡಿದು ನಿಂತೆ. ಒಳಗೆ ಹೋಗಬೇಕು ಎನ್ನುವಾಗ ಕಾಲು ಕೆರೆಯ ಮೆಟ್ಟಿಲಿನಲ್ಲಿ ಇದ್ದ ಹಾಗೆಯೇ ಇತ್ತು, ಮೇಲೂ ಇಲ್ಲ ಕೆಳಗೂ ಇಲ್ಲ. ಇಲ್ಲಿ ಕೂಗಿ ಹೇಳುವ ಕಾಕನೂ ಇರಲಿಲ್ಲ.

ಬಕೆಟ್ ಎತ್ತಿಕೊಂಡು ಒಳಗೆ ಹೋದೆ. ಖಾಲಿ ಕೈಯಲ್ಲಿ ಹೋಗಿದ್ದರೆ ಮಾತು ಹೊರಡುತ್ತಿರಲಿಲ್ಲ.

"ಸರ್" ಎಂದೆ. ಹನ್ನೆರಡು ಮಕ್ಕಳು ತಿರುಗಿ ನೋಡಿದರು. "ಆ ಹುಡುಗಿಯದ್ದು ತಪ್ಪಿಲ್ಲ. ಅವಳು ನೀರಿನೊಳಗೇ ಕತ್ತರಿಸಿದ್ದು. ನೀರು ನಾನು ಕುದಿಸಿದ್ದು."

"ಕುದಿಸಿದ್ದಾ?" ಎಂದರು ಪರೀಕ್ಷಕರು.

"ಹೌದು ಸರ್. ಹುಳ ಇರಬಾರದು ಅಂತ. ಇದು ಕೆರೆಯ ನೀರು. ಇದರಲ್ಲಿ ಗುಳ್ಳೆ ಬರ್ತಾ ಉಂಟು."

ಮೇಡಂ ಹಣೆ ಹಿಡಿದುಕೊಂಡರು. "ಅಯ್ಯೋ ಅಕ್ಕ! ಆಗ ಕೇಳಿದೆನಲ್ಲ ನಾನು!"

ಪರೀಕ್ಷಕರು ಬಕೆಟ್ಟಿಗೆ ಬಗ್ಗಿದರು. ಏಳುತ್ತಿದ್ದ ಗುಳ್ಳೆಗಳನ್ನು ನೋಡಿ ಎದ್ದು ನಿಂತರು.

"ಕುದಿಸಿದ್ದೇ ಕಾರಣ ಅಂತ ನಿಮಗೆ ಹೇಳಿದ್ದು ಯಾರು?"

"ಯಾರೂ ಹೇಳಲಿಲ್ಲ ಸರ್. ನನ್ನ ಮಗನ ಮೀನು ಸತ್ತಿತ್ತು."

ಯಾರೋ ಕಿಸಕ್ಕೆಂದು ನಕ್ಕರು. ಪರೀಕ್ಷಕರು ನಗಲಿಲ್ಲ. ಹುಡುಗಿಯನ್ನು ಕರೆದು, ಇನ್ನೊಂದು ಬೀಕರಿನಲ್ಲಿ ಕೆರೆಯ ನೀರಿಗೆ ಮೊದಲಿನಿಂದ ಜೋಡಿಸಲು ಹೇಳಿದರು. ಈ ಸಲ ಅವಳ ಪಕ್ಕದಲ್ಲೇ ನಿಂತು ನೋಡಿದರು. ಪ್ರನಾಳ ಕವುಚುವಾಗ ಒಂದು ಸಲ ಗಾಳಿ ಸೇರಿತು, ತೆಗೆದು ತಿರುಗಿ ತುಂಬಿದಳು. ಮೇಡಂ ಕ್ಯಾಂಟೀನಿನಿಂದ ಒಂದು ಚಿಟಿಕೆ ಅಡುಗೆ ಸೋಡಾ ತರಿಸಿ ಆ ನೀರಿಗೆ ಹಾಕಿದರು, ಅದು ಕರಗಿದರೆ ಗಿಡಕ್ಕೆ ಇಂಗಾಲದ ಡೈಆಕ್ಸೈಡ್ ಸಿಗುತ್ತದಂತೆ. ಬಿಸಿಲಿಗಿಟ್ಟೆವು. ನಾನು ಪ್ರನಾಳವನ್ನು ನೋಡಲಿಲ್ಲ, ಹುಡುಗಿಯ ಮುಖ ನೋಡುತ್ತಿದ್ದೆ. ಅದರಲ್ಲೇ ನನಗೆ ಗೊತ್ತಾಯಿತು.

ಪರೀಕ್ಷಕರು ಮೊದಲು ಬರೆದದ್ದನ್ನು ಹೊಡೆದು ಹಾಕಿದರು. ಎರಡೂ ಬೀಕರುಗಳನ್ನು ಅಕ್ಕಪಕ್ಕ ಇಟ್ಟು, ಒಬ್ಬೊಬ್ಬರನ್ನೇ ಕರೆದು, "ಇದರಲ್ಲಿ ಏಕೆ ಉಂಟು, ಅದರಲ್ಲಿ ಏಕೆ ಇಲ್ಲ?" ಎಂದು ಕೇಳಿದರು. ಗಿಡಕ್ಕೆ ಬೇಕಾದ ಇಂಗಾಲದ ಡೈಆಕ್ಸೈಡ್ ಇಲ್ಲ ಎಂದು ಕೆಲವರು ಹೇಳಿದರು. ಕುದಿಸಿದ ನೀರಿನಲ್ಲಿ ಆಮ್ಲಜನಕವೂ ಇಲ್ಲ, ಹಾಗಾಗಿ ಗಿಡದಿಂದ ಅಷ್ಟಿಷ್ಟು ಹೊರಬಂದರೂ ಗುಳ್ಳೆಯಾಗುವ ಮೊದಲೇ ನೀರಿನಲ್ಲೇ ಕರಗಿ ಹೋಗುತ್ತದೆ ಎಂದು ವಿಟ್ಲದ ಹುಡುಗಿ ಹೇಳಿದಳು. ಅದು ನನಗೂ ಗೊತ್ತಿರಲಿಲ್ಲ.

ಸಂಜೆ ಪ್ರಿನ್ಸಿಪಾಲರು ಕರೆಸಿದರು. ನಡೆದದ್ದನ್ನು ಬರೆದುಕೊಡಿ ಎಂದರು. ಏಳನೆಯ ತರಗತಿ ಬಿಟ್ಟ ಮೇಲೆ ನಾನು ಸಹಿ, ಸಾಮಾನಿನ ಚೀಟಿ ಬಿಟ್ಟು ಏನೂ ಬರೆದವಳಲ್ಲ. ಒಂದು ಪುಟ ಬರೆದೆ. ಅವರು ಓದಿ ಮೇಜಿನ ಒಳಗೆ ಇಟ್ಟು, ಇನ್ನು ಹೋಗಿ ಎಂದರು. ಜೂನಿನ ಮೊದಲ ವಾರದವರೆಗೆ ನಾನು ಸರಿಯಾಗಿ ಉಂಡದ್ದು ನೆನಪಿಲ್ಲ. ಫೋನು ಬಂದದ್ದು ಮೇಡಂದು: "ಅಕ್ಕ, ನಾಳೆ ಬನ್ನಿ. ಕೆರೆಯ ಅಂತರಗಂಗೆ ತೆಗೆಸಬೇಕು, ನೀವೇ ನಿಂತು ನೋಡಿಕೊಳ್ಳಬೇಕು."

ಈಗ ಪ್ರತಿ ವರ್ಷ ಆ ಪ್ರಯೋಗಕ್ಕೆ ಒಂದು ಬೀಕರ್ ಕುದಿಸಿದ ನೀರನ್ನೂ ಇಡುತ್ತೇವೆ. ಕುದಿಸುವುದು ನಾನೇ. ಭಟ್ಟರು ಈಗಲೂ ಚಾಪುಡಿ ಡಬ್ಬಿ ತೋರಿಸುತ್ತಾರೆ. ಪರೀಕ್ಷೆಯ ಬೆಳಿಗ್ಗೆ ನನ್ನ ಕೈ ಈಗಲೂ ತಣ್ಣಗಾಗುತ್ತದೆ, ಅದು ಹೋಗಲಿಲ್ಲ.

ಇನ್ನೊಂದು ಉಳಿದಿದೆ. ಆ ಮೀನು ಸತ್ತ ದಿನ ನಿಮ್ಮ ಅಪ್ಪನಿಗೆ ನಾನು ಬೈದಿದ್ದೆ, ನೀನು ಅದನ್ನು ಹಿಚುಕಿ ಹಿಚುಕಿ ಕೊಂದೆ ಎಂದು. ಇಲ್ಲ ಅಮ್ಮ, ಒಳ್ಳೆಯ ನೀರಿನಲ್ಲೇ ಬಿಟ್ಟದ್ದು ಎಂದು ಅವನು ಎಷ್ಟು ಅತ್ತರೂ ನಾನು ನಂಬಲಿಲ್ಲ. ಆಮೇಲೆ ಅವನು ಒಂದು ಮೀನನ್ನೂ ತರಲಿಲ್ಲ. ಹುಡುಗಿಯ ತಪ್ಪಿಲ್ಲ ಎಂದು ಹನ್ನೆರಡು ಮಕ್ಕಳ ಎದುರು ಹೇಳಿದೆ. ಅವನಿಗೆ ಇದುವರೆಗೆ ಹೇಳಲು ಆಗಲಿಲ್ಲ. ಇದನ್ನು ಓದಿ ಮುಗಿಸಿದ ಮೇಲೆ ಈ ನೋಟುಪುಸ್ತಕವನ್ನು ಅವನ ಕೈಗೆ ಕೊಡಿ.